ಬಸೀಲಿಯಾ ಅಜ್ಜಿಯ ಆರನೇ ತರಗತಿ

ಸುತಿಯಾಬಾ, ಲೆಯೋನ್
ಜುಲೈ ೧೭, ೨೦೧೬, ಭಾನುವಾರ

ಗಡಿಯಾಚೆಯ ಎರೆದಿಯಾ ಪಟ್ಟಣದ ಸಮಸ್ತ ಅಡುಗೆಮನೆಗಳ ಸಾರ್ವಭೌಮೆಯೂ, ಪರರ ನಾಯಿಗಳಿಗೆ ಸ್ನಾನ ಮಾಡಿಸುವ ವಿದ್ಯೆಯಲ್ಲಿ ಅದ್ವಿತೀಯೆಯೂ, ಎರಡು ದೇಶಗಳ ಗಡಿಕಾವಲಿನವರನ್ನು ಬರೀ ಹುಬ್ಬೇರಿಸಿಯೇ ನಡುಗಿಸಿದ ವೀರವನಿತೆಯೂ ಆದ ಮಹಾಮಾತೆ ದೋನ್ಯಾ ಔಕ್ಸಿಲಿಯಾದೋರಾ ಅವರ ಪಾದಾರವಿಂದಗಳಿಗೆ, ಅವರ ಏಕಮಾತ್ರ ಪುತ್ರಿಯೂ ಬೀದಿಯವರ ಪಾಲಿಗೆ ಶನಿಯೂ ಆದ ಯಾಹೋಸ್ಕಾ ಮೂರು ಬಾರಿ ನಮಸ್ಕರಿಸಿ ಬಿನ್ನವಿಸುವುದೇನೆಂದರೆ:

ಅಮ್ಮಾ, ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನೀನು ಕೆಲಸ ಮಾಡುವ ಮನೆಯ ಒಡತಿ ಮಹಡಿ ಮೆಟ್ಟಿಲನ್ನು ಈಗಲೂ ದಿನಕ್ಕೆರಡು ಸಲ ಒರೆಸಿಸುತ್ತಾಳೆಯೇ? ಅವಳಿಗೂ ಒಂದು ಮಂಡಿನೋವು ಬರಲಿ ಎಂದು ನಾನು ಪ್ರಾರ್ಥಿಸುತ್ತಿಲ್ಲ. ಅಜ್ಜಿಗೆ ಗೊತ್ತಾದರೆ ಬೈಯುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ನಮ್ಮ ಫೋನು ಗಟ್ಟಿಯಾಗಿ ಕಿರುಚಿದರೆ ಮಾತ್ರ ಕೇಳಿಸುವ ಜಾತಿಯದು, ಅಜ್ಜಿ ಯಾವಾಗಲೂ ಅದರ ಪಕ್ಕದಲ್ಲೇ ಕೂತಿರುವವಳು. ಹೋದ ವಾರ ನೀನು ಅತ್ತದ್ದನ್ನೂ ಅವಳು ಕೇಳಿಸಿಕೊಂಡಳು. ಅದಕ್ಕೇ ಈ ಕಾಗದ. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೊರಟಿರುವ ಪಕ್ಕದ ಮನೆಯ ದೋನ್ಯಾ ನೂಬಿಯಾ ಇದನ್ನು ಗಿಣ್ಣಿನ ಗಂಟಿನೊಳಗೆ ಇಟ್ಟು ತರುತ್ತಾಳೆ. ಕಾಗದಕ್ಕೆ ಗಿಣ್ಣಿನ ವಾಸನೆ ಬಂದಿದ್ದರೆ ಕ್ಷಮಿಸು.

ವಿಷಯ ಮೊದಲೇ ಹೇಳಿಬಿಡುತ್ತೇನೆ: ನೀನು ಕೆಲಸ ಬಿಡಬೇಡ. ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಬರುತ್ತೇನೆ ಅಂದೆಯಲ್ಲ, ಬೇಕಾಗಿಲ್ಲ. ಅಜ್ಜಿಗೆ ಮರೆವಿನ ಕಾಯಿಲೆ ಇಲ್ಲ. ಇದನ್ನು ನಿನ್ನ ಮಗಳು ಖುದ್ದು ವೈಜ್ಞಾನಿಕವಾಗಿ ಸಾಧಿಸಿ ತೋರಿಸಿದ್ದಾಳೆ.

ಡಾಕ್ಟರ್ ಇವಾನಿಯಾ ನಮ್ಮ ಹೆಂಗಸರನ್ನು ಬೆನ್ನುಹತ್ತಿ ಇಪ್ಪತ್ತು ವರ್ಷವಾಯಿತು. ಪ್ರತಿ ಐದು ವರ್ಷಕ್ಕೊಮ್ಮೆ ಅದೇ ತಕ್ಕಡಿ, ಅದೇ ಟೇಪು, ಅದೇ ಪ್ರಶ್ನೆಗಳು: ಎಷ್ಟು ಹೆರಿಗೆ, ಮುಟ್ಟು ನಿಂತದ್ದು ಯಾವಾಗ, ಒಲೆಗೆ ಸೌದೆಯೋ ಗ್ಯಾಸೋ, ನಿದ್ದೆ ಎಷ್ಟು, ವಾರದಲ್ಲಿ ಎಷ್ಟು ಜನರ ಜೊತೆ ಮಾತು, ಶಾಲೆ ಎಷ್ಟು ವರ್ಷ. ಮುಪ್ಪಿನಲ್ಲಿ ಯಾವ ಹೆಂಗಸಿಗೆ ಮರೆವು ಹಿಡಿಯುತ್ತದೆ, ಯಾರಿಗೆ ಹಿಡಿಯುವುದಿಲ್ಲ, ಯಾಕೆ ಎಂದು ಹುಡುಕುತ್ತಾರಂತೆ. ನಮ್ಮವರೋ ಅವಳು ಬರುವ ದಿನ ಹಬ್ಬದ ಉಡುಪು ತೊಟ್ಟು, ಬಾಳೆಲೆಯಲ್ಲಿ ಬೇಯಿಸಿದ ನಕತಮಾಲ್ ಬುತ್ತಿ ಕಟ್ಟಿಕೊಂಡು, ತೂಕ ಕಡಿಮೆ ತೋರಲೆಂದು ಕಿವಿಯೋಲೆಯನ್ನೂ ಬಿಚ್ಚಿಟ್ಟು ಸಾಲಾಗಿ ಕೂರುತ್ತಾರೆ. ಈ ಸಲ ಅರವತ್ತೈದು ದಾಟಿದವರಿಗೆಲ್ಲ ನೆನಪಿನ ಪರೀಕ್ಷೆಯೂ ಇತ್ತು. ಅಜ್ಜಿಗೆ ಮೂವತ್ತಕ್ಕೆ ಹದಿನೇಳು ಬಂತು. ಆರನೇ ತರಗತಿ ಮುಗಿಸಿದವಳಿಗೆ ಕಡೇಪಕ್ಷ ಇಪ್ಪತ್ನಾಲ್ಕಾದರೂ ಬರಬೇಕಂತೆ. "ಇದೇ ಕಾಯಿಲೆ ಅಂತ ನಾನು ಹೇಳ್ತಿಲ್ಲ ಕಣಮ್ಮಾ. ಆದ್ರೆ ಕಣ್ಣಿಟ್ಟಿರು, ದೊಡ್ಡ ಡಾಕ್ಟರಿಗೆ ಒಂದ್ಸಲ ತೋರಿಸೋಣ" ಎಂದು ಅವಳು ನನ್ನನ್ನು ಬಾಗಿಲ ಮರೆಗೆ ಕರೆದು ಹೇಳಿದಳು. ನಾನು ನಿನಗೆ ಕಿರುಚಿ ಹೇಳಿದೆ. ನೀನು ಅತ್ತು, "ಇನ್ಮೇಲೆ ನೊವೇನಾ ಎಲ್ಲಾ ತ್ರಾನ್ಸಿತೋಗೆ ಒಪ್ಸಿಬಿಡು, ಅವಳೂ ಪ್ರಾರ್ಥನೆ ಹೇಳೋಳೇ ಅಲ್ವಾ. ಸತ್ತವರ ಮನೇಲಿ ಅಮ್ಮ ನಡುವೆ ಮರೆತು ನಿಂತ್ರೆ ಏನ್ ಗತಿ?" ಎಂದೆ. ನೆನಪಿದೆಯಲ್ಲ? ಅಜ್ಜಿಗೂ ನೆನಪಿದೆ.

ಮೂವತ್ತೆಂಟು ವರ್ಷ ಈ ಕೇರಿಯ ಸತ್ತವರನ್ನೆಲ್ಲ ಒಂಬತ್ತೊಂಬತ್ತು ದಿನದ ನೊವೇನಾ ಪ್ರಾರ್ಥನೆ ಮಾಡಿ ಮೇಲಕ್ಕೆ ಕಳಿಸಿದವಳಿಗೆ ಆ ಮಾತು ಹೇಗೆ ತಾಕಿರಬೇಕು, ಯೋಚಿಸು. ಬಡಗಿ ದೋನ್ ಫುಲ್ಹೆನ್ಸಿಯೋನ ನೊವೇನಾ ಅಷ್ಟು ಹೊತ್ತಿಗೆ ಐದನೆಯ ದಿನ ಮುಟ್ಟಿತ್ತು. "ಇದೊಂದು ಮುಗಿಸ್ತೀನಿ. ಅರ್ಧದಲ್ಲಿ ದನಿ ಬದಲಾದ್ರೆ ಪಾಪ ಆ ಮನುಷ್ಯ ದಾರಿ ತಪ್ತಾನೆ. ಆಮೇಲೆ ಆ ತ್ರಾನ್ಸಿತೋನೇ ಕಿರುಚಿಕೊಳ್ಳಲಿ" ಅಂದಳು ಅಷ್ಟೇ.

ಈಗ ನನ್ನ ಸಂಶೋಧನೆಗೆ ಬರುತ್ತೇನೆ. ಆರಂಭದಲ್ಲಿ ಅದು ವಿಜ್ಞಾನವಾಗಿರಲಿಲ್ಲ, ಬರೀ ಕಿಡಿಗೇಡಿತನ. ತಿಂಗಳಿಂದ ಹೊಂಚು ಹಾಕಿದ್ದೆ. ಅಜ್ಜಿಯ ನೊವೇನಾ ಪುಸ್ತಕಕ್ಕೆ ಅವಳೇ ಹೊಲಿದ ಕಂದು ಬಟ್ಟೆಯ ಹೊದಿಕೆ ಇದೆಯಲ್ಲ, ಏಳನೆಯ ದಿನ ಆ ಪುಸ್ತಕವನ್ನು ಹೊರಗೆಳೆದು, ನೀನು ಕ್ರಿಸ್‌ಮಸ್ಸಿಗೆ ಕಳಿಸಿದ ಮಿಕ್ಸಿಯ ಕೈಪಿಡಿಯನ್ನು ಅದರೊಳಗೆ ತೂರಿಸಿಟ್ಟೆ. ಅಜ್ಜಿ ಪುಸ್ತಕ ತೆರೆದು, ಬೆಚ್ಚಿ, ನನ್ನತ್ತ ಗುರಾಯಿಸುತ್ತಾಳೆ, ನಾನು ಮುಗ್ಧಳಾಗಿ ಕಣ್ಣು ಮುಚ್ಚುತ್ತೇನೆ. ಯೋಜನೆ ಅಷ್ಟೇ ಇತ್ತು. ಸಂಜೆ ಐದಕ್ಕೆ ಅಜ್ಜಿ ಪುಸ್ತಕ ತೆರೆದಳು. ಕನ್ನಡಕ ಸರಿಮಾಡಿಕೊಂಡಳು. ಶುರುಮಾಡಿದಳು. ಒಂದು ಪದ ಎಡವಲಿಲ್ಲ, ಅಮ್ಮಾ. ಬೆರಳಿಗೆ ಎಂಜಲು ಹಚ್ಚಿ, ಸರಿಯಾದ ಜಾಗಕ್ಕೆ ಸರಿಯಾಗಿ, 'ತಂತಿ ಬಿಸಿಯಾದರೆ ತಕ್ಷಣ ಆರಿಸಿ' ಎಂಬ ಪುಟವನ್ನು ಮಗುಚಿ, ದೋನ್ ಫುಲ್ಹೆನ್ಸಿಯೋನ ಆತ್ಮಕ್ಕೆ ನಿತ್ಯ ವಿಶ್ರಾಂತಿ ಬೇಡಿದಳು. ವಿಧವೆ ಅತ್ತಳು. ಇಡೀ ಅಂಗಳ "ಆಮೆನ್" ಎಂದಿತು. ನನಗೆ ಮಾತ್ರ ನಗು ಬರಲಿಲ್ಲ. ಇಡೀ ಗಂಟೆ ಆ ಹಾಳೆಗಳ ಮೇಲೆ ಕಣ್ಣಾಡಿಸಿದವಳಿಗೆ ಅದು ಮಿಕ್ಸಿ ಎಂದು ಗೊತ್ತೇ ಆಗಲಿಲ್ಲ. ಅಂದರೆ ಅಜ್ಜಿಗೆ ಅಕ್ಷರವೇ ಬರುವುದಿಲ್ಲ. ಅಷ್ಟೂ ಪ್ರಾರ್ಥನೆ ಅವಳ ತಲೆಯಲ್ಲಿದೆ.

ಮಾರನೆಯ ಬೆಳಗ್ಗೆ ಅಜ್ಜಿ ಜೋಳ ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತೆ. "ಮಮೀತಾ, ನಿಂಗೆ ಓದಕ್ಕೆ ಬರಲ್ಲ, ಅಲ್ವಾ?"

"ಯಾರು ಹೇಳಿದ್ದು?"

"ಮಿಕ್ಸಿ ಹೇಳ್ತು."

ನಡೆದದ್ದನ್ನು ಹೇಳಿದಾಗ ಜೋಳದ ತೆನೆ ನನ್ನ ಭುಜಕ್ಕೆ ಬಂದು ಬಿತ್ತು. ಎರಡನೆಯದು ತಪ್ಪಿಸಿಕೊಂಡೆ. ಮೂರನೆಯದನ್ನು ಎತ್ತಿದವಳು ಎಸೆಯದೆ ಹಾಗೇ ಮಡಿಲಲ್ಲಿಟ್ಟುಕೊಂಡಳು. ಅವಳು ಒಂದು ದಿನವೂ ಶಾಲೆಗೆ ಹೋಗಿಲ್ಲವಂತೆ. ಪ್ರಾರ್ಥನೆಯನ್ನೆಲ್ಲ ಅವಳ ಚಿಕ್ಕಮ್ಮನ ಬಾಯಿಂದ ಕೇಳಿ ಕಲಿತದ್ದು. ಎಂಬತ್ತನೇ ಇಸವಿಯಲ್ಲಿ ಅಕ್ಷರ ಕಲಿಸಲು ಮನಾಗುವಾದಿಂದ ಹುಡುಗ ಹುಡುಗಿಯರು ಲಾಟೀನು ಹಿಡಿದು ಮನೆಮನೆಗೆ ಬಂದರಲ್ಲ, ಆಗಲೂ "ನಂದು ಆರನೇ ಕ್ಲಾಸು ಆಗಿದೆ, ಬೇರೆಯವರಿಗೆ ಕಲಿಸಿ" ಎಂದು, ಅವರಿಗೆ ಪಾಠಕ್ಕೆ ನಮ್ಮ ಮೇಜನ್ನೇ ಕೊಟ್ಟಳಂತೆ. ಪಕ್ಕದ ಕೋಣೆಯಲ್ಲಿ ನಿಂತು ಕದ್ದು ಕೇಳಿದರೂ ಪ್ರಯೋಜನವಾಗಲಿಲ್ಲ, ಅಕ್ಷರ ಕಿವಿಯಿಂದ ಹತ್ತುವುದಿಲ್ಲವಂತೆ. "ಆಗ್ಲೇ ನಾನು ಹನ್ನೊಂದು ಸಾವಿನ ಮನೆ ನಡೆಸಿದ್ದೆ ಕಣೇ. ಓದು ಬರದೋಳ ಕೈಗೆ ತಮ್ಮ ಸತ್ತೋರನ್ನ ಯಾರು ಒಪ್ಪಿಸ್ತಾರೆ?" ಮುಂದೆ ತೊಂಬತ್ತಾರರಲ್ಲಿ ಡಾಕ್ಟರ್ ಇವಾನಿಯಾ, ಆಗಿನ್ನೂ ಕಡ್ಡಿಯಂತಿದ್ದ ಹುಡುಗಿ, ಶಾಲೆ ಎಷ್ಟು ವರ್ಷ ಎಂದು ಕೇಳಿದಳು. ಅದೇ ಬೆಂಚಿನಲ್ಲಿ ತ್ರಾನ್ಸಿತೋ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಅಜ್ಜಿ ಆರು ಎಂದಳು. ಇಪ್ಪತ್ತು ವರ್ಷ ಅದು ಆರಾಗಿಯೇ ಉಳಿಯಿತು. ಈಗ ಪರೀಕ್ಷೆಯಲ್ಲಿ ಒಂದು ವಾಕ್ಯ ಓದು, ಒಂದು ವಾಕ್ಯ ಬರಿ ಎಂದಾಗ, ಕನ್ನಡಕ ಮಂಜಾಗಿದೆ ಎಂದು ಸುಮ್ಮನೆ ಕೂತು ಅಂಕ ಕಳೆದುಕೊಂಡಳು.

"ಹಾಗಿದ್ರೆ ನಿಜ ಹೇಳಿಬಿಡು, ಮುಗೀತು!" ಎಂದೆ.

"ಮರೆವು ಅಂದ್ರೆ ಜನ ಪಾಪ ಅಂತಾರೆ. ಓದು ಬರಲ್ಲ ಅಂದ್ರೆ ನಗ್ತಾರೆ. ನಂಗೆ ಪಾಪ ಅನ್ನಿಸ್ಕೊಳ್ಳೋದೇ ವಾಸಿ."

ಮೂರು ದಿನ ಅವಳ ಬೆನ್ನು ಬಿಡಲಿಲ್ಲ. ಅತ್ತೆ, ಕುಣಿದೆ, ನಕತಮಾಲ್ ತಿನ್ನುವುದಿಲ್ಲ ಎಂದು ಶಪಥ ಮಾಡಿ ಅರ್ಧ ಗಂಟೆ ಪಾಲಿಸಿದೆ. ಕೊನೆಗೆ ಕುರ್ಚಿಯ ಮೇಲೆ ನಿಂತು ಭಾಷಣ ಮಾಡಿದೆ: "ದೋನ್ಯಾ ಬಸೀಲಿಯಾ ಅವರೇ! ಆರು ವರ್ಷ ಓದಿದ ಹೆಂಗಸಿಗೆ ಹದಿನೇಳು ಅಂಕ ಅಂತ ಆ ದೊಡ್ಡ ಲೆಕ್ಕದಲ್ಲಿ ಸೇರಿದೆ. ನಾಳೆ ಯಾವನೋ ಒಬ್ಬ ಮಹಾಶಯ ಅದನ್ನ ನೋಡಿ, ಓದಿದ ಹೆಂಗಸ್ರಿಗೇ ಮರೆವು ಜಾಸ್ತಿ, ಹುಡುಗೀರನ್ನ ಶಾಲೆಗೆ ಕಳಿಸಿ ಏನು ಪ್ರಯೋಜನ ಅಂತಾನೆ. ಮಾಡಿದ್ದು ಯಾರು? ನೀವು!" ಒಬ್ಬಳ ಅಂಕದಿಂದ ಅಷ್ಟೆಲ್ಲ ಆಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ಅಜ್ಜಿಯ ಮುಖ ಬದಲಾಯಿತು. "ಇಳಿ ಕೆಳಗೆ, ಕುರ್ಚಿ ಮುರೀತೀಯ" ಎಂದಳು. ಆಮೇಲೆ ಚರ್ಚಿನ ಕಪ್ಪು ಉಡುಪನ್ನು ಇಸ್ತ್ರಿ ಮಾಡಲು ಕೊಟ್ಟಳು.

ಗುರುವಾರ ಆರೋಗ್ಯ ಕೇಂದ್ರದ ಬೆಂಚು ತುಂಬಿತ್ತು. ಒಳಗೆ ಹೋಗಿ ಗುಟ್ಟಾಗಿ ಹೇಳು ಎಂದು ನಾನು ಹೇಳಿಕೊಟ್ಟಿದ್ದೆ. ಅಜ್ಜಿ ಬಾಗಿಲಲ್ಲೇ ನಿಂತು, ಪ್ರಾರ್ಥನೆಯ ದನಿಯಲ್ಲಿ, ಬೀದಿಯ ಆಚೆಬದಿಗೂ ಕೇಳುವಂತೆ ಹೇಳಿದಳು: "ಡಾಕ್ಟರಮ್ಮಾ, ಆ ಆರು ಹೊಡೆದುಹಾಕಿ. ನಾನು ಶಾಲೆ ಮೆಟ್ಟಿಲೇ ಹತ್ತಿಲ್ಲ."

ಎಲ್ಲರ ಕಣ್ಣೂ ತ್ರಾನ್ಸಿತೋ ಕಡೆ ಹೋಯಿತು. ಅವಳು ಕೈಚೀಲವನ್ನು ಒಮ್ಮೆ ತೆರೆದು, ಒಮ್ಮೆ ಮುಚ್ಚಿ, "ಅದಕ್ಕೇ ಅನ್ನು! ನಾನು ಒಂದು ಸಾಲು ಹುಡುಕೋದ್ರೊಳಗೆ ಈ ಮಾರಾಯ್ತಿ ಪುಟ ಮಗುಚಿ ಆಗಿರೋದು. ಮೂವತ್ತು ವರ್ಷ ಹೊಟ್ಟೆ ಉರ್ಕೊಂಡೆ, ಸುಮ್ನೆ!" ಎಂದಳು. ಮತ್ತೆ ತಲೆ ತಗ್ಗಿಸಿ, "ನಂದೂ ನಾಲ್ಕಲ್ಲ ಡಾಕ್ಟರಮ್ಮಾ. ಎರಡು. ಎರಡನೇದೂ ಪೂರ್ತಿ ಅಲ್ಲ" ಎಂದಳು. ಆಮೇಲೆ ಮೂಲೆಯಿಂದ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಆ ಬೆಳಗ್ಗೆ ಒಟ್ಟು ಹತ್ತೊಂಬತ್ತು ವರ್ಷದ ಶಾಲೆ ಆ ಬೆಂಚಿನ ಮೇಲೆ ಕರಗಿಹೋಯಿತು. ಡಾಕ್ಟರ್ ಇವಾನಿಯಾ ತಲೆ ಹಿಡಿದುಕೊಂಡು ಕೂತಳು. "ಹೆಂಗಸ್ರು ವಯಸ್ಸು ಕಮ್ಮಿ ಹೇಳ್ತಾರೆ ಅಂತ ನಮಗೆ ಪಾಠ ಮಾಡಿದ್ರು. ಶಾಲೆ ಜಾಸ್ತಿ ಹೇಳ್ತಾರೆ ಅಂತ ಯಾರೂ ಹೇಳಲಿಲ್ವಲ್ಲ!" ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ಪ್ರತಿಯೊಬ್ಬರನ್ನೂ ಹೊಸದಾಗಿ ಕೇಳಿ ಬರೆದುಕೊಂಡಳು. ಇಪ್ಪತ್ತು ವರ್ಷದ ಕೆಲಸಕ್ಕೆ ಬೇಕಾದದ್ದು ಒಳ್ಳೆಯ ಉತ್ತರವಲ್ಲ, ನಿಜವಾದ ಉತ್ತರ ಎಂದಳು.

ಶಾಲೆಗೆ ಹೋಗದವರಿಗೆ ಬೇರೆಯೇ ಪರೀಕ್ಷೆ ಇದೆಯಂತೆ, ಓದು ಬರಹ ಇಲ್ಲದ್ದು. ಅವತ್ತೇ ಮಾಡಿದರು. ಅದರಲ್ಲಿ ಗೆರೆ ಹದಿನೆಂಟಕ್ಕೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಹೇಳ್ತೀರಿ ಎಂದರೆ ಅಜ್ಜಿ ಇಗುವಾನಾದಿಂದ ಶುರುಮಾಡಿ ಮೀನುಮಾರುಕಟ್ಟೆಯನ್ನೆಲ್ಲ ಸುತ್ತಿ, ಕೊನೆಗೆ ನನ್ನ ಹೆಸರನ್ನೂ ಸೇರಿಸಿದಳು. ಇವತ್ತು ಯಾವ ವಾರ ಎಂಬಲ್ಲಿ ಸ್ವಲ್ಪ ಎಡವಿದಳು, ಹಿಮ್ಮುಖ ಲೆಕ್ಕದಲ್ಲೂ ಅಷ್ಟೇ. ಆದರೆ ಕೊಟ್ಟ ಐದು ಪದಗಳನ್ನು ಹತ್ತು ನಿಮಿಷದ ನಂತರ ಕೇಳಿದಾಗ ಐದಕ್ಕೆ ಐದೂ ಹೇಳಿದಳು. ಒಟ್ಟು ಸರಿಯಾಗಿ ಹದಿನೆಂಟು. ಒಂದು ಕಡಿಮೆಯಾಗಿದ್ದರೆ ದೊಡ್ಡ ಡಾಕ್ಟರು, ತಲೆಯ ಚಿತ್ರ, ಇನ್ನೂ ಏನೇನೋ. ಹದಿನೆಂಟು ಬಂತು, ಗೆದ್ದೆವು. ರಕ್ತದೊತ್ತಡದ ಮಾತ್ರೆ ತಪ್ಪಿಸಬಾರದು, ಮುಂದಿನ ವರ್ಷ ಮತ್ತೆ ನೋಡೋಣ ಎಂದು ಡಾಕ್ಟರ್ ಬೆನ್ನು ತಟ್ಟಿ ಕಳಿಸಿದಳು.

ನೊವೇನಾಗಳು ಅಜ್ಜಿಯ ಕೈಯಲ್ಲೇ ಉಳಿದಿವೆ. ಯಾರೂ ನಗಲಿಲ್ಲ, ಅಮ್ಮಾ. ಪುಸ್ತಕವಿಲ್ಲದೆ ಪ್ರಾರ್ಥಿಸುವವಳೆಂದು ನಿನ್ನೆ ಪಕ್ಕದ ಕೇರಿಯಿಂದಲೂ ಕರೆ ಬಂದಿದೆ. ಕಣ್ಣು ಮಂಜಾಗುತ್ತಿರುವ ತ್ರಾನ್ಸಿತೋ ಬಾಯಿಪಾಠ ಕಲಿಯಲು ಮಂಗಳವಾರದಿಂದ ಬರುತ್ತಾಳಂತೆ. "ಅವಳಿಗೆ ಹತ್ತೋದು ಕಷ್ಟ, ತಲೆ ತುಂಬ ಕಾಗದ" ಎಂದು ಅಜ್ಜಿ ಈಗಿಂದಲೇ ಹೇಳುತ್ತಿದ್ದಾಳೆ. ಆದ್ದರಿಂದ ನಿಶ್ಚಿಂತಳಾಗಿರು, ಒಡತಿಯ ಮೆಟ್ಟಿಲು ಒರೆಸು, ಮಂಡಿಗೆ ಎಣ್ಣೆ ಹಚ್ಚಿಕೋ. ಅಜ್ಜಿಯ ಆಶೀರ್ವಾದ ನಿನ್ನ ತಲೆಯ ಮೇಲೆ, ಶಾಪ ನನ್ನ ತಲೆಯ ಮೇಲೆ ಎಂದು ಬರೆಯಲು ಅವಳೇ ಹೇಳಿದ್ದಾಳೆ.

ಇಂತು ನಿನ್ನ ಆಜ್ಞಾಧಾರಕಳೂ ವಿಜ್ಞಾನಿಯೂ ಆದ,
ಯಾಹೋಸ್ಕಾ

ಮರೆತಿದ್ದೆ: ನೂಬಿಯಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಕೆಲಸ ಬಿಡಬೇಡ, ಆದರೆ ಒಂದು ವಾರ ರಜೆ ಕೇಳಿಕೊಂಡು ಬಾ. ಪರೀಕ್ಷೆಯ ಹೊತ್ತಿಗೆ ನಾನು ಡಾಕ್ಟರಮ್ಮನ ಬೆನ್ನ ಹಿಂದೆ, ಅಜ್ಜಿಗೆ ಎದುರಾಗಿ ಕೂತಿದ್ದೆ. ನಾಲ್ಕು ಪದ ಅವಳೇ ಹೇಳಿದಳು. ಆಮೇಲೆ ನನ್ನನ್ನೇ ನೋಡತೊಡಗಿದಳು, ಆ ನೋಟ ನಾನು ಹಿಂದೆ ಕಂಡಿರಲಿಲ್ಲ. ಐದನೆಯ ಪದ ಬಾಚಣಿಗೆ. ನಾನು ತಲೆಗೂದಲಲ್ಲಿ ಬೆರಳಾಡಿಸಿದೆ. ಡಾಕ್ಟರಿಗೆ ಹೋಗಿ ಹೇಳಬೇಕು, ಒಬ್ಬಳಿಗೇ ಆಗುತ್ತಿಲ್ಲ. ಆ ಹದಿನೆಂಟರಲ್ಲಿ ಒಂದು ನನ್ನದು, ಅಮ್ಮಾ.