ಬೇಲಿಗೆಂದು ಹಿಡಿದ ಅಳತೆ

ಕಾರಂಗ್‌ಸಾರಿ, ಸೋಮವಾರ

ಬೇಲಿ ಕಟ್ಟುವ ಪಾಕ್ ಸುಗೆಂಗ್ ಅವರಿಗೆ,

ನೀವು ಕಳಿಸಿದ ಅಂದಾಜು ತಲುಪಿತು. ನಲವತ್ತೆರಡು ಮೀಟರಿಗೆ ಬಿದಿರಾದರೆ ಮೂವತ್ತು ಲಕ್ಷ ರುಪಿಯಾ, ಅಂದರೆ ನನ್ನ ಒಂದು ತಿಂಗಳ ಪಿಂಚಣಿಯಷ್ಟು; ಸಿಮೆಂಟ್ ಕಂಬವಾದರೆ ಅದರ ಮೂರರಷ್ಟು. ದರ ನ್ಯಾಯವಾಗಿದೆ. ಆದರೂ ದಯವಿಟ್ಟು ಗುರುವಾರ ಬಿದಿರು ತರಬೇಡಿ.

ನೀವು ಅಳತೆಗೆ ಬಂದ ದಿನ, ನಮ್ಮ ಅಂಗಳವನ್ನು ದಾರಿ ಮಾಡಿಕೊಂಡ ನೆರೆಯವರ ಬಗ್ಗೆ ನಿಮ್ಮೆದುರು ಒಂದು ಗಂಟೆ ಕೂಗಾಡಿದೆ. ಇಪ್ಪತ್ತು ವರ್ಷದ ಹಿಂದೆ ಯಾರ ಕೋಳಿ ಯಾವ ಸಸಿ ಕೆದಕಿತು ಎಂಬುದನ್ನೂ ಬಿಡಲಿಲ್ಲ. ನಾವು ಹಗ್ಗ ಹಿಡಿದು ಅಳೆಯುವುದನ್ನು ಪಕ್ಕದ ಮನೆಯಾಕೆ ಬು ವಾತಿನಿ ನೋಡಿದ್ದರಂತೆ. ಇಂದು ಬೆಳಿಗ್ಗೆ ಹತ್ತು ತೆಂಗಿನಕಾಯಿ ಹೊತ್ತು ಬಂದರು.

“ಚಪ್ಪರಕ್ಕೆ ಅಳೆಸ್ತಿದ್ರಲ್ಲ ಮೇಷ್ಟ್ರೇ, ಆಗ್ಲೇ ಗೊತ್ತಾಯ್ತು ನಂಗೆ! ಹೆಂಡ್ತಿ ಸಾವಿರದ ದಿನ ಮರೆಯೋ ಗಂಡಸಲ್ಲ ನೀವು. ಅಡುಗೆ ನಮ್ಗೆ ಬಿಡಿ. ನೀವು ಪುಸ್ತಕ ಓದ್ಕೊಂಡು ಕೂತಿರಿ, ಒಲೆ ಹತ್ರ ಬಂದ್ರೆ ಜೋಕೆ!”

ಅವಳು ತೀರಿಕೊಂಡು ಈ ಗುರುವಾರಕ್ಕೆ ಸಾವಿರ ದಿನ; ನೆರೆಯವರನ್ನೆಲ್ಲ ಕರೆದು ಪ್ರಾರ್ಥನೆ ಮಾಡಿಸಿ ಊಟ ಹಾಕಬೇಕಾದ ದಿನ. ನನಗೆ ನೆನಪಿರಲಿಲ್ಲ. ಆದರೂ “ಹೌದು, ಚಪ್ಪರಕ್ಕೇ” ಎಂದುಬಿಟ್ಟೆ. ಸಂಜೆಯೊಳಗೆ ಏಳು ಮನೆಗಳಿಂದ ಚಾಪೆಗಳು ಬಂದಿವೆ.

ಯಾರಾದರೂ ಕೇಳಿದರೆ ನೀವೂ ಚಪ್ಪರವೆಂದೇ ಹೇಳಿ ಎಂದು ಬರೆಯಲು ಕುಳಿತಿದ್ದೆ. ಹಾಗೆ ಹೇಳಬೇಡಿ. ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಉಣ್ಣುವ ಮುನ್ನ, ನಾನೇ ನಿಜ ಹೇಳುತ್ತೇನೆ. ದಯವಿಟ್ಟು ನೀವೂ ಊಟಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ನಿಜ ಗೊತ್ತಿರುವ ಒಬ್ಬರಾದರೂ ಎದುರಿಗಿದ್ದರೆ ನಾನು ಮಾತು ತಿರುಗಿಸಲಾರೆ.

ಇತಿ,
ದಾರ್ಮಾಜಿ
ನಿವೃತ್ತ ಶಾಲಾ ಶಿಕ್ಷಕ