ನಾಲಿಗೆಗೆ ಅಂಟಿದ ಕಲ್ಲು

ನದಿ ಮಗ್ಗುಲು ಬದಲಿಸಿದ ಮೇಲಿನ ನಾಲ್ಕುನೂರ ಹನ್ನೊಂದನೆಯ ವರ್ಷ, ಎರಡನೆಯ ಬೇಸಿಗೆ, ಗಾಳಿಯಿಲ್ಲದ ವಾರ.

ಕಾಗಿಣಾ ನದಿ ದಂಡೆಯ ಹಿಂದಿನ ಕಾಲದವರಿಗೆ ಭೀಮಶಾ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಇಲ್ಲ, ಹುಡುಕಿ ದಣಿಯಬೇಡಿ. ನಮ್ಮ ಮಾತು ಅಲ್ಲಲ್ಲಿ ನಿಮ್ಮನ್ನು ಎಡವಿಸಿದರೆ ಕ್ಷಮೆ ಇರಲಿ. ಈ ಕಾಗದವನ್ನು ಹಿಂಟಪಾಲಿಗೆ ಹಾಕುತ್ತಿದ್ದೇನೆ. ಹಿಂಟಪಾಲು ಎಂದರೆ ಕಾಲದಲ್ಲಿ ಹಿಂದಕ್ಕೆ ಮಾತ್ರ ಹೋಗುವ ಟಪಾಲು. ಅದು ಹೇಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ. ಟಪಾಲು ಕಿಟಕಿಯಲ್ಲಿ ಕೂತಿದ್ದವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಉತ್ತರ ತರುವ ವ್ಯವಸ್ಥೆ ಅವರ ಬಳಿ ಇಲ್ಲ. ನಿಮ್ಮಿಂದ ನಮ್ಮ ಕಡೆಗೆ ಬರುವ ಟಪಾಲು ಒಂದೇ, ಮಣ್ಣು. ಅದರಲ್ಲಿ ನೀವು ಈಗಾಗಲೇ ಸಾಕಷ್ಟು ಕಳಿಸಿದ್ದೀರಿ.

ನಾನು ನೆರಳು ಬಾಡಿಗೆಗೆ ಕೊಡುವವನು. ನಮಗೆ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದಿಷ್ಟು ಮಳೆ. ಹೊತ್ತೇರಿದ ಮೇಲೆ ತಲೆಯ ಮೇಲೆ ನೆರಳಿಲ್ಲದೆ ಹೊಲದಲ್ಲಿ ನಿಲ್ಲಲಾಗುವುದಿಲ್ಲ. ಗಾಲಿಯ ಮೇಲೆ ಬಿದಿರು ನಿಲ್ಲಿಸಿ, ಬಟ್ಟೆ ಕಟ್ಟಿ, ಆಳುಗಳ ಜೊತೆ ಉರುಳಿಸಿಕೊಂಡು ಹೋಗುವುದು ನನ್ನ ಕಸುಬು. ಅವ್ವನ ಹರಕು ಕೌದಿಯಿಂದ ಶುರು ಮಾಡಿದೆ. ಈಗ ಈ ದಂಡೆಯ ಅರ್ಧ ನೆರಳು ನನ್ನದೇ. ಶಾಲೆಗೆ ಹೋದದ್ದು ಅದರ ಅಂಗಳಕ್ಕೆ ನೆರಳು ಹಿಡಿಯುವುದಕ್ಕೆ ಮಾತ್ರ. ಆದರೆ ಯಾವ ಬಟ್ಟೆ ಎಷ್ಟು ಬಿಸಿಲು ತಡೆಯುತ್ತದೆ ಎಂದು ನೋಡಿ ನೋಡಿ, ಯಾವ ವಸ್ತು ಎಷ್ಟು ಬಾಳುತ್ತದೆ ಎಂಬ ಅಂದಾಜು ನನಗೆ ಬಂದಿದೆ. ನಿಮ್ಮ ಮದುವೆ ಸೀರೆಗಳು ಒಂದೂ ನಮಗೆ ಸಿಕ್ಕಿಲ್ಲ. ಶಾಂಪೂ ಪೊಟ್ಟಣಗಳು ಸಿಕ್ಕಿವೆ, ಹೊಳಪು ಕೂಡ ಮಾಸಿಲ್ಲ.

ಕೆಲಸವಿಲ್ಲದ ದಿನ ನಾವು ಕೆಲವರು ದಂಡೆಯಲ್ಲಿ ಹಳೆಯ ಕಲ್ಲು, ಕಲ್ಲಾದ ಎಲುಬು ಹುಡುಕುತ್ತೇವೆ. ಯಾರೂ ಪಂಡಿತರಲ್ಲ. ತಿಂಗಳಿಗೊಮ್ಮೆ ಕಲ್ಲೂಟ ಸೇರುತ್ತೇವೆ. ಊಟದ ಪಂಕ್ತಿಯ ಹಾಗೆ ಸಾಲಾಗಿ ಕೂತು, ಸಿಕ್ಕದ್ದನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಪ್ರತಿಯೊಬ್ಬರೂ ಅದಕ್ಕೆ ನಾಲಿಗೆ ಮುಟ್ಟಿಸಬೇಕು. ನಗಬೇಡಿ, ಇದು ಒಳ್ಳೆಯ ಪರೀಕ್ಷೆ. ಎಲುಬಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಅವು ಎಂಜಲು ಹೀರಿ ನಾಲಿಗೆಯನ್ನು ಹಿಡಿದುಕೊಳ್ಳುತ್ತವೆ. ಬರೀ ಕಲ್ಲು ಹಿಡಿಯುವುದಿಲ್ಲ. ಪಂಕ್ತಿಯ ಕೊನೆಗೆ ನನ್ನ ತಂಗಿ ಜಟ್ಟೆಮ್ಮ ಕೂರುತ್ತಾಳೆ. ಅವಳ ನಾಲಿಗೆ ಹೇಳಿದ್ದೇ ತೀರ್ಮಾನ. ಬಾಟಲಿ ಮುಚ್ಚಳ ತಂದವರನ್ನು ಮಾತ್ರ ಪಂಕ್ತಿಗೆ ಕೂರಿಸುವುದಿಲ್ಲ. ಅದು ಹುಡುಕಿದ್ದಲ್ಲ, ಕಸ ಗುಡಿಸಿದ್ದು.

ಮಳೆಯ ನಂತರದ ಕಲ್ಲೂಟ ಬಹಳ ದಿನದ ಮೇಲೆ ಕಳೆಗಟ್ಟಿತ್ತು. ನೇಕಾರ ಬಸಲಿಂಗ ಕಪ್ಪುಕಲ್ಲಿನ ಎರಡು ಪದರಗಳ ನಡುವೆ ಸಿಕ್ಕಿಬಿದ್ದ ಬಸವನಹುಳು ತಂದಿದ್ದ, ಸುರುಳಿ ಒಂದಿಷ್ಟೂ ಮುಕ್ಕಾಗಿರಲಿಲ್ಲ. ನನಗೆ ನದಿಯ ಗರಸುಕಲ್ಲಿನ ರಾಶಿಯಲ್ಲಿ ನೀರಾನೆಯ ಹಲ್ಲು ಸಿಕ್ಕಿತ್ತು. ಜಟ್ಟೆಮ್ಮ ಅದನ್ನು ನಾಲಿಗೆಗೆ ಹಚ್ಚಿ, "ಖರೇನೇ ಹಲ್ಲು. ನಮ್ಮಣ್ಣನ ಹಲ್ಲಿಗಿಂತ ಗಟ್ಟಿ ಅದ" ಎಂದಳು. ಎಲ್ಲರಿಗಿಂತ ಕೊನೆಗೆ, ನಮ್ಮ ಪಂಕ್ತಿಯ ಹಿರಿಯರಾದ ಚಂದಾಸಾಬ ಮಾಮಾ ಚೀಲ ಬಿಚ್ಚಿದರು. ಹೋದ ಸಲ ಅವರು ತಂದದ್ದಕ್ಕೆ ಇವಳು, "ಮಾಮಾ, ಇದು ಎಲುಬಲ್ಲ, ನಿಮ್ಮ ಮನಿ ಗ್ವಾಡಿ" ಎಂದು ಎಲ್ಲರೆದುರು ಮಾನ ತೆಗೆದಿದ್ದಳು. ಅದಕ್ಕೇ ಈ ಸಲ, "ಹಿಡಿಯವ್ವಾ, ಇವತ್ತು ನಿನ್ನ ಸೊಕ್ಕು ಇಳೀತದ" ಎಂದು ಕೊಟ್ಟರು.

ಅಂಗೈಯಗಲದ ಚಪ್ಪಟೆ ತುಂಡು. ಉದ್ದಕ್ಕೂ ಸಾಲುಸಾಲು ಚೌಕದ ಕುಳಿ, ಕುಳಿಗಳಲ್ಲಿ ಬಿಳಿ ಹಿಟ್ಟು. ಮೊಸಳೆಯ ಬೆನ್ನಿನ ಎಲುಬಿನಲ್ಲಿ ಹೀಗೇ ಕುಳಿಗಳಿರುತ್ತವೆ, ಅದೇ ಇರಬೇಕೆಂದು ನಾವೆಲ್ಲ ಒಪ್ಪಿದೆವು. ನಾಲಿಗೆಗೂ ಚೆನ್ನಾಗಿ ಅಂಟಿತು. ದಂಡೆ ಕುಸಿದು ನಿಮ್ಮ ಕಾಲದ ಪದರ ಮೊಸಳೆಯ ಪದರಕ್ಕೆ ಕಲಸಿಹೋಗಿದ್ದು ನಮ್ಮ ಗಮನಕ್ಕೆ ಬರಲಿಲ್ಲ. ನಿಮ್ಮದನ್ನು ನಾವು ಬಣ್ಣದ ಪದರ ಎನ್ನುತ್ತೇವೆ. ಏಕೆಂದು ನಿಮಗೇ ತಿಳಿಯುತ್ತದೆ.

ಜಟ್ಟೆಮ್ಮ ಬಾಯಿಂದ ಅದನ್ನು ತೆಗೆಯಲೇ ಇಲ್ಲ. "ಸಿಹಿ ಅದಣ್ಣಾ! ಯಾ ಪ್ರಾಣಿ ಎಲುಬು ಸಿಹಿ ಇರ್ತದ?" ಎಂದಳು.

"ಬೆಲ್ಲ ತಿಂದು ಸತ್ತಿರ್ಬೇಕು ತಗೋ" ಎಂದ ಬಸಲಿಂಗ. ಎಲ್ಲರೂ ನಕ್ಕೆವು. ನಮ್ಮಲ್ಲಿ ಬೆಲ್ಲ ಹಬ್ಬಕ್ಕೂ ಸಿಗುವುದಿಲ್ಲ. ಮಾಮಾ ಖುಷಿಯಿಂದ ಅದನ್ನು ಅವಳಿಗೇ ಕೊಟ್ಟುಬಿಟ್ಟರು. ಅವಳು ಚೂರು ಮುರಿದು, ಅಡಿಕೆಯ ಹಾಗೆ ದವಡೆಯಲ್ಲಿಟ್ಟುಕೊಂಡು ಎರಡು ತಿಂಗಳು ರೊಟ್ಟಿ ಬಡಿದಳು.

ಈಗ ಅವಳ ಹೊಟ್ಟೆಯಲ್ಲಿ ಹಗ್ಗ ಹೊಸೆದಂತೆ ನೋವು. ಯಾವ ಊಟ ಕೊಟ್ಟರೂ ತಗಡು ನೆಕ್ಕಿದ ಹಾಗಿದೆ ಎನ್ನುತ್ತಾಳೆ. ರೊಟ್ಟಿಗೆ ಕೈ ಎತ್ತಿದರೆ ಮಣಿಕಟ್ಟು ಜೋತುಬೀಳುತ್ತದೆ. ದವಾಖಾನೆಯಲ್ಲಿ ಔಷಧ ಕೊಡುವ ತಾಯಿ ಒಳ್ಳೆಯವರು, ಸುಳ್ಳು ಧೈರ್ಯ ಹೇಳುವವರಲ್ಲ. "ಯಾವ ವಿಷ ಅಂತ ಹೆಸರು ಹೇಳ್ರಿ, ಔಷಧ ಕೊಡ್ತೀನಿ. ಹೆಸರಿಲ್ದೆ ಕೊಟ್ರ ಔಷಧಾನೇ ಕೊಲ್ತದ" ಎಂದರು. ಹಿಟ್ಟು ನೋಡಿ ಹೆಸರು ಹೇಳುವ ಯಂತ್ರ ಅವರಲ್ಲಿಲ್ಲ. ಯಂತ್ರ ಇರುವ ಊರಿಗೆ ಹೋಗಿ ಬರುವಷ್ಟು ದಿನ ಅವಳಲ್ಲಿಲ್ಲ.

ಮೊಸಳೆಯ ಉಳಿದ ಭಾಗ ಸಿಕ್ಕೀತೆಂದು ಕುಸಿದ ದಂಡೆಗೆ ಮತ್ತೆ ಹೋದೆವು. ಸಿಕ್ಕದ್ದು ಕಪ್ಪು ಪೆಟ್ಟಿಗೆ. ಒಳಗೆ ಆರು ಕೋಣೆ, ಕೋಣೆ ತುಂಬ ಅಂಥವೇ ಫಲಕಗಳು, ಮುಚ್ಚಳದ ಮೇಲೆ ಎರಡು ಮೊಂಡು ಕೊಂಬು, ಒಂದರ ಬುಡಕ್ಕೆ ಕೂಡುವ ಗುರುತು, ಇನ್ನೊಂದರ ಬುಡಕ್ಕೆ ಕಳೆಯುವ ಗುರುತು. ಅಕ್ಷರಗಳೆಲ್ಲ ಸವೆದಿದ್ದವು, ಒಂದು ಚಿತ್ರ ಉಳಿದಿತ್ತು: ಗಾಲಿಯಿರುವ ಕಸದ ಡಬ್ಬಿ, ಅದರ ಮೇಲೆ ಅಡ್ಡಡ್ಡ ಗೀಟು. ಅಂಥ ಡಬ್ಬಿಗಳು ನಮಗೆ ಎಷ್ಟೋ ಸಿಕ್ಕಿವೆ, ಅರ್ಥ ಬಿಡಿಸುವುದು ಕಷ್ಟವಾಗಲಿಲ್ಲ. ಇದನ್ನು ಎಸೆಯಬಾರದು ಎಂದು ಅಚ್ಚು ಹಾಕಿಸಿ, ಆಮೇಲೆ ಎಸೆದಿದ್ದೀರಿ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಕೂತೆ. ಸಿಟ್ಟಿಗೂ ತ್ರಾಣ ಬೇಕು, ಬರಲಿಲ್ಲ.

ಕೇಳುವುದು ಇಷ್ಟೇ. ಆ ಬಿಳಿ ಹಿಟ್ಟಿನ ಹೆಸರು ಬರೆಯಿರಿ. ಅದನ್ನು ಮಾಡಿದವರು ನೀವು, ನಿಮ್ಮಲ್ಲಿ ಗೊತ್ತಿದ್ದವರು ಇದ್ದೇ ಇರುತ್ತಾರೆ. ಕಾಗದದ ಮೇಲೆ ಬೇಡ, ಉಳಿಯುವುದಿಲ್ಲ. ಪ್ಲಾಸ್ಟಿಕ್ ಉಳಿಯುತ್ತದೆ, ಅದರ ಮೇಲಿನ ಬರಹ ಉಳಿಯುವುದಿಲ್ಲ. ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಮೇಲೆ ಉಳಿಯಿಂದ ಆಳವಾಗಿ ಕೆತ್ತಿ, ಅಕ್ಷರ ಕೆಳಗೆ ಮಾಡಿ ಹೂಳಿ. ಜಾಗ, ಕಾಗಿಣಾದ ಎಡದಂಡೆಯಲ್ಲಿರುವ ಹಳೆಯ ಫರ್ಸಿ ಗಣಿ. ಚೌಕದ ಗುಂಡಿ, ನಾಲ್ಕು ಮೂಲೆ. ಕ್ಷಮೆ, ಸಮಾಚಾರ ಏನೂ ಬರೆಯಬೇಡಿ, ಕಲ್ಲು ಹಾಳು. ಒಂದು ಹೆಸರು ಸಾಕು.

ನೀವು ಬರೆದಿದ್ದರೆ ಆ ಕಲ್ಲು ನೂರಾರು ವರ್ಷದಿಂದ ಅಲ್ಲಿ ಇರಲೇಬೇಕು. ಅದಕ್ಕೇ ಇವತ್ತು ಬೆಳಿಗ್ಗೆ ಈಶಾನ್ಯ ಮೂಲೆಯನ್ನು ಅಗೆದು ನೋಡಿದೆವು. ಏನೂ ಇರಲಿಲ್ಲ. ಜಟ್ಟೆಮ್ಮ ಗುಂಡಿಯ ಅಂಚಿನಲ್ಲಿ ಕೂತು, "ಸಿಕ್ತೇನಣ್ಣಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಚಂದಾಸಾಬ ಮಾಮಾ, "ಕಾಗದಾನೇ ಹಾಕಿಲ್ಲಲ್ಲವ್ವಾ, ಅವರು ಹ್ಯಾಂಗ ಬರೀತಾರ?" ಎಂದರು. ಈ ಲೆಕ್ಕ ಕೂಡುವುದಿಲ್ಲ. ಅವರಿಗೂ ಗೊತ್ತು, ನನಗೂ ಗೊತ್ತು. ಅವಳು ಮಾತ್ರ ಹೌದೆಂದು ತಲೆಯಾಡಿಸಿದಳು.

ಅಗೆದದ್ದು ಒಂದೇ ಮೂಲೆ. ಉಳಿದ ಮೂರನ್ನು ಈ ಕಾಗದ ಹೊರಡುವ ತನಕ ಮುಟ್ಟಬಾರದೆಂದು ಎಲ್ಲರ ಸನಿಕೆ ಇಸಿದುಕೊಂಡು ಬಂದಿದ್ದೇನೆ. ಆ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಇಡಿ. ನಾಳೆ ಬಿಸಿಲೇರುವ ಮೊದಲು ಆಗ್ನೇಯದಿಂದ ಶುರು ಮಾಡುತ್ತೇವೆ.