ರೊಟ್ಟಿ ಇತ್ತು, ಹೋಳು ಇರಲಿಲ್ಲ

ರಾಂತಸಲ್ಮಿ,
ಭಾನುವಾರ, 11 ಮಾರ್ಚ್ 1979

ಪ್ರೀತಿಯ ತಂಗಿ ಸೈಮಿಗೆ,

ಹೇಗಿದ್ದೀಯ? ಕಾರ್ಖಾನೆಯ ಗಾಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಪುಟ್ಟ ಕಾಯ್ಸಾಳಿಗೆ ಹಲ್ಲು ಬಂತೇ? ಸ್ವೀಡನ್ನಿನವರ ಆ ಸಿಹಿ ರೊಟ್ಟಿಯನ್ನು ಅವಳಿಗೆ ಹೆಚ್ಚು ರೂಢಿ ಮಾಡಿಸಬೇಡ, ದೊಡ್ಡಮ್ಮನ ರೊಟ್ಟಿ ವ್ಯಾಪಾರಕ್ಕೆ ಏಟು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಒಲೆಯ ಮುಂದೆ ನಿಂತಷ್ಟು ಹೊತ್ತು ಸುಮ್ಮನಿದ್ದು, ಕೂತ ತಕ್ಷಣ ದೂರು ಹೇಳುತ್ತದೆ; ಅದಕ್ಕೇ ಕೂರುವುದನ್ನೇ ಬಿಟ್ಟಿದ್ದೇನೆ.

ಈಗ ಅಪ್ಪನ ವಿಷಯ. ಮೊದಲು ಉಸಿರು ಬಿಡು. ಅವನಿಗೆ ಏನೂ ಆಗಿಲ್ಲ. ಡಾಕ್ಟರು ತೆಗೆಸಿದ್ದ ಹೊಟ್ಟೆಯ ಚಿತ್ರ ಶುಕ್ರವಾರ ಬಂತು. ಹುಣ್ಣೂ ಇಲ್ಲ, ಗಂಟೂ ಇಲ್ಲ. ಅಮ್ಮನನ್ನು ತಿಂದ ಕಾಯಿಲೆ ಅಪ್ಪನ ಹೊಟ್ಟೆಯಲ್ಲಿ ಇಲ್ಲ. ಹೋದ ಕಾಗದದಲ್ಲಿ ನಾನು ಬರೆದದ್ದನ್ನು ಓದಿ ನಿನಗೆ ನಿದ್ದೆ ಬಂದಿರಲಾರದು, ಬರೆದ ನನಗೂ ಬಂದಿರಲಿಲ್ಲ. ಅಪ್ಪ ಸೊರಗಿ, ಪ್ಯಾಂಟನ್ನು ಹಗ್ಗದಲ್ಲಿ ಬಿಗಿದುಕೊಂಡು ಓಡಾಡುತ್ತಿದ್ದ. ನಾನು ವಾರವಾರ ಇಟ್ಟು ಬರುತ್ತಿದ್ದ ರೈ ಧಾನ್ಯದ ದಪ್ಪ, ಗುಂಡು ರೊಟ್ಟಿ ಡಬ್ಬಿಯಲ್ಲೇ ಬೂಸಲು ಹಿಡಿಯುತ್ತಿತ್ತು. ಅವನು ಬದುಕಿದ್ದದ್ದು ಕಾಫಿ ಮತ್ತು ಏಲಕ್ಕಿ ಬನ್ನಿನ ಮೇಲೆ. ಒಮ್ಮೆ, ಹಲ್ಲಿಗೆ ಗಟ್ಟಿಯಾಗುತ್ತದೋ ಏನೋ ಎಂದು, ಪ್ಲಾಸ್ಟಿಕ್ ಚೀಲದ ಕತ್ತರಿಸಿದ ಬಿಳಿ ರೊಟ್ಟಿ ತಂದಿಟ್ಟೆ. ಅದನ್ನು ಹಕ್ಕಿಗಳಿಗೆ ಹಾಕಿ, "ಅವೂ ಮೂಸಿ ನೋಡಿ ಹೋದ್ವು" ಎಂದ. ಊರಿನ ನರ್ಸ್ ಬಂದು ನೋಡಿ, ವೃದ್ಧಾಶ್ರಮದಲ್ಲಿ ಒಂದು ಕೋಣೆ ಖಾಲಿಯಾಗುತ್ತಿದೆ ಎಂದು ಮೆಲ್ಲಗೆ ಹೇಳಿದಳು. ಅಂಥ ಮಾತು ಮೆಲ್ಲಗೆ ಹೇಳಿದರೇ ಹೆಚ್ಚು ಕೇಳಿಸುತ್ತದೆ.

ನನಗೆ ನನ್ನದೇ ಒಂದು ಲೆಕ್ಕವಿತ್ತು. ಹಿಮದಲ್ಲಿ ಎಳೆಯುವ ಜಾರುಬಂಡಿಯ ಮೇಲೆ ರೊಟ್ಟಿ ಹೇರಿಕೊಂಡು ಮನೆಮನೆಗೆ ಮಾರಿ ಅಂಗಡಿ ಕಟ್ಟಿದವಳು, ಗಿರಾಕಿಯ ಚೀಲ ನೋಡಿ ಮನೆಯ ಸ್ಥಿತಿ ಹೇಳಬಲ್ಲೆ. ಶಾಲೆಯ ಟೀಚರಮ್ಮನಿಗೆ ರೈ ರೊಟ್ಟಿ, ಜೊತೆಗೆ ಗಂಜಿಗೆ ಓಟ್ಸು. ಚಳಿಗಾಲವಿಡೀ ಹಿಮದ ಮೇಲೆ ಸ್ಕೀ ಮಾಡುತ್ತಾ ಹೋಗುತ್ತಾಳೆ, ಸಿಗರೇಟು ಮುಟ್ಟುವುದಿಲ್ಲ. ಮರ ಕಡಿಯುವ ಹುಡುಗರು ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಬನ್ನು ಹಿಡಿದು ನಿಂತೇ ಮುಗಿಸುತ್ತಾರೆ. ಹೊಸದಾಗಿ ಮದುವೆಯಾದವರು ಬಿಳಿ ರೊಟ್ಟಿ ಒಯ್ಯುತ್ತಾರೆ, ಮಗುವಾದ ಮೇಲೆ ತೆಪ್ಪಗೆ ರೈಗೆ ಬರುತ್ತಾರೆ. ಹೆಂಡತಿ ಸತ್ತ ಗಂಡಸರು ಮಾತ್ರ, ಒಬ್ಬರೂ ಬಿಡದೆ, ಬನ್ನಿಗೆ ಇಳಿಯುತ್ತಾರೆ. ದುಃಖಕ್ಕೆ ಬಾಯಿ ಸಿಹಿ ಕೇಳುತ್ತದೆ, ಹಸಿವು ಸಾಯುತ್ತದೆ, ಆಮೇಲೆ ಕಾಯಿಲೆ ಬರುತ್ತದೆ ಎಂದು ನಾನು ಅದಕ್ಕೆ ಅರ್ಥ ಹಚ್ಚಿದ್ದೆ. ಅಪ್ಪನನ್ನೂ ಅದೇ ಸಾಲಿಗೆ ಸೇರಿಸಿ ಒಳಗೊಳಗೇ ಅಳುತ್ತಿದ್ದೆ.

ಹೋದ ತಿಂಗಳು ಹೆಲ್ಸಿಂಕಿಯಿಂದ ಆರೋಗ್ಯ ಇಲಾಖೆಯ ಒಬ್ಬ ಹುಡುಗಿ ಬಂದಳು, ಮಾರ್ಕೆತ್ತಾ ಅಂತ. ದೊಡ್ಡವರು ಯಾವ ಧಾನ್ಯ ಎಷ್ಟು ತಿನ್ನುತ್ತಾರೆ, ವಯಸ್ಸೆಷ್ಟು, ಓದೆಷ್ಟು, ಸೇದುತ್ತಾರೋ, ನಡೆಯುತ್ತಾರೋ, ಮನೆಯಲ್ಲಿ ಯಾರಿದ್ದಾರೆ ಎಂದು ಊರೆಲ್ಲ ಕೇಳುತ್ತಾ ಅಪ್ಪನ ಮನೆಗೂ ಬಂದಳು. ಅವತ್ತು ನಾನು ಅಲ್ಲೇ ಕಾಫಿ ಬಗ್ಗಿಸುತ್ತಿದ್ದೆ. ಸಿಗರೇಟು ಇಲ್ಲ, ಬಲೆ ಹಾಕಲು ದಿನಾ ಕೆರೆಯ ಮಂಜುಗಡ್ಡೆಯ ಮೇಲೆ ಹೋಗುತ್ತೇನೆ ಎಂದೆಲ್ಲ ಅಪ್ಪ ಶಾಲೆಯ ಹುಡುಗನ ಹಾಗೆ ಉತ್ತರ ಕೊಟ್ಟ. ರೈ ರೊಟ್ಟಿ ತಿನ್ನುತ್ತೀರಾ ಅಂದದ್ದಕ್ಕೆ, "ಅದೇನ್ ಕೇಳ್ತೀಯ ಮಗಳೇ, ಮತ್ತಿನ್ನೇನ್ ತಿಂತಾರೆ?" ಎಂದ. ಆ ಹುಡುಗಿ ಬಿಡಲಿಲ್ಲ. "ನಿನ್ನೆ ಎಷ್ಟು ಹೋಳು ತಿಂದ್ರಿ ಅಜ್ಜಾ?" ಅಪ್ಪ ಕಿಟಕಿಯಾಚೆ ನೋಡಿದ. ನಮ್ಮ ಸಾವೋ ಸೀಮೆಯವರಿಗೆ ನೇರ ಪ್ರಶ್ನೆ ಎದುರಾದರೆ ಹವಾಮಾನ ನೆನಪಾಗುತ್ತದಲ್ಲ, ಹಾಗೆ. ಕಡೆಗೆ, "ನಿನ್ನೆ ಹೋಳು ಇರಲಿಲ್ಲ" ಎಂದ. ರೊಟ್ಟಿ ಮುಗಿದಿತ್ತಾ ಎಂದು ಅವಳು ಕೇಳಿದಳು. "ರೊಟ್ಟಿ ಇತ್ತು. ಹೋಳು ಇರಲಿಲ್ಲ. ಕತ್ತರಿಸೋರು ಬಂದಿರಲಿಲ್ಲ."

ಪಟ್ಟಣದ ಹುಡುಗಿ, ಪಾಪ, "ನಿಮಗೇ ಕತ್ತರಿಸೋಕೆ ಬರಲ್ವಾ?" ಅಂದುಬಿಟ್ಟಳು. ಅದಕ್ಕೆ ಅಪ್ಪ, "ಹಸು ಕರು ಹಾಕೋದೂ ನೋಡಿದ್ದೀನಿ, ಹಾಗಂತ ನಾನೇ ಹಾಕೋಕೆ ಹೋಗ್ಲಾ?" ಎಂದ.

ಸೈಮಿ, ನಿನಗೆ ನೆನಪಿದೆ. ನಮ್ಮ ಮನೆಯಲ್ಲಿ ರೊಟ್ಟಿಯನ್ನು ಎದೆಗೊತ್ತಿಕೊಂಡು ಚೂರಿಯನ್ನು ತನ್ನ ಕಡೆಗೆ ಎಳೆಯುತ್ತಿದ್ದವಳು ಅಮ್ಮ ಒಬ್ಬಳೇ. ಮೀನು, ಮಾಂಸ, ಹಗ್ಗ ಅಪ್ಪನ ಸೊಂಟದ ಚೂರಿಗೆ. ರೊಟ್ಟಿ ಅಮ್ಮನ ಚೂರಿಗೆ. ಅಜ್ಜಿ ಹೋದಾಗ ಆ ಚೂರಿ ಅಮ್ಮನ ಕೈಗೆ ಬಂತು, ಅಂದಿನಿಂದ ಊಟಕ್ಕೆ ಕರೆಯುವುದೂ ಅವಳದೇ ಆಯಿತು. ಅಮ್ಮನ ಮಣ್ಣಾದ ಮೇಲೆ ಚೂರಿ ಡಬ್ಬಿಯಲ್ಲಿ ಇರಲಿಲ್ಲವಂತೆ. ಹಿರಿ ಮಗಳು ಒಯ್ದಿದ್ದಾಳೆ, ಸರಿ, ಇನ್ನು ಅವಳೇ ಬಂದು ಕತ್ತರಿಸುತ್ತಾಳೆ ಎಂದು ಅಪ್ಪ ಕಾದಿದ್ದಾನೆ. ನಾನು ವಾರವಾರ ಇಡೀ ರೊಟ್ಟಿ ಇಟ್ಟು, ಅಂಗಡಿ ಅಂಗಡಿ ಎನ್ನುತ್ತಾ ಓಡಿದ್ದೇನೆ. "ಯಾಕಪ್ಪ ಕೇಳಲಿಲ್ಲ?" ಎಂದೆ. "ಚೂರಿ ತಗೊಂಡೋರಿಗೆ ಕೆಲಸ ನೆನಪಿಸೋದು ಚೆನ್ನಾಗಿರುತ್ತಾ?" ಎಂದು ಮುಖ ತಿರುಗಿಸದೆ ಹೇಳಿದ.

ಅವನ ಸೊಂಟದ ಚೂರಿಯನ್ನೇ ಕೇಳಿ ತೆಗೆದುಕೊಂಡು, ಅಂಟಿದ್ದ ಮೀನಿನ ಪೊರೆಯನ್ನು ಬಿಸಿನೀರಲ್ಲಿ ಉಜ್ಜಿ, ರೊಟ್ಟಿಯನ್ನು ಎದೆಗೊತ್ತಿಕೊಂಡು ಕತ್ತರಿಸಿದೆ. ಬೆಣ್ಣೆ ಹಚ್ಚಿಕೊಟ್ಟೆ. ಒಂದು ತಿಂದ. ಎರಡನೆಯದನ್ನು ಬೆಳಕಿಗೆ ಹಿಡಿದು, "ಅಂಗಡಿಯವಳ ಕೈ ಇದು, ಇಷ್ಟು ತೆಳು. ಹೋಳಿನಾಚೆ ಕೆರೆ ಕಾಣ್ತದೆ" ಎಂದ. ಮಾರ್ಕೆತ್ತಾ ಬರೆಯುವುದನ್ನು ಬಿಟ್ಟು ನಕ್ಕಳು. ನಾನು ಒಲೆಯ ಕಡೆ ತಿರುಗಿ ಸೌದೆ ಒಟ್ಟಿದೆ, ಅಗತ್ಯವಿಲ್ಲದಿದ್ದರೂ.

ಈಗ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಹೋಗಿ ದಿನದ ಹೋಳು ಕತ್ತರಿಸಿ, ಬಟ್ಟೆ ಮುಚ್ಚಿ ಬರುತ್ತೇನೆ. ಹಗ್ಗ ಹೋಗಿ ಬೆಲ್ಟು ಬಂದಿದೆ. ನರ್ಸ್ ಮತ್ತೆ ಬಂದಾಗ, ಆ ಕೋಣೆ ನಿನಗೇ ಇಟ್ಕೋ ಎಂದನಂತೆ. ಅಂಗಡಿಗೆ ಬನ್ನಿಗೆ ಬರುವ ಇತರ ಮುದುಕರನ್ನೂ ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. "ಕತ್ತರಿಸಿ ಕೊಡ್ಲಾ?" ಎಂದು ಸುಮ್ಮನೆ ಕೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ಕೆಲವರು ಹೂಂ ಎನ್ನುತ್ತಾರೆ.

ನಿನ್ನ ಗಂಡನಿಗೆ ನನ್ನ ನಮಸ್ಕಾರ, ಕಾಯ್ಸಾಳ ಎರಡು ಕೆನ್ನೆಗೂ ಮುತ್ತು. ದೇವರು ನಿಮ್ಮ ಮೂವರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ಹಿಲ್ಯಾ

ಮರೆತಿದ್ದೆ: ಕ್ರಿಸ್ಮಸ್‌ಗೆ ನೀನು ಕಳಿಸಿದ ಫೋಟೋದಲ್ಲಿ ಕಾಯ್ಸಾಳ ಹಿಂದೆ, ಮೇಜಿನ ಮೇಲೆ, ಬರ್ಚ್ ಮರದ ಹಿಡಿಯ ಚೂರಿಯೊಂದು ಕಾಣುತ್ತದೆ. ಹಿಡಿಯ ತುದಿಯಲ್ಲಿ ಹಲ್ಲಿನ ಗುರುತಿದೆ, ಚಿಕ್ಕವಳಿದ್ದಾಗ ನೀನೇ ಕಚ್ಚಿದ್ದು. ಅಮ್ಮನ ಕೈ ಹಿಡಿದಂತಿರಲಿ ಎಂದು ಒಯ್ದಿದ್ದೀಯ, ನನಗೆ ಮೊದಲು ಕಂಡಿದ್ದರೆ ನಾನೂ ಒಯ್ಯುತ್ತಿದ್ದೆ. ಸಾಣೆಗೆ ಕೊಟ್ಟಿದ್ದೇನೆ ಎಂದು ಅಪ್ಪನಿಗೆ ಹೇಳಿದ್ದೇನೆ. ಬೇಸಿಗೆಯವರೆಗೆ ಆ ಸುಳ್ಳನ್ನು ಎಳೆಯಬಲ್ಲೆ, ಅದಕ್ಕಿಂತ ಮುಂದಕ್ಕೆ ಆಗದು. ಅಂಚೆಯಲ್ಲಿ ಮಾತ್ರ ಕಳಿಸಬೇಡ. ಜೂನಿನ ಯುಹಾನ್ನೂಸ್ ಹಬ್ಬಕ್ಕೆ ಮಗುವನ್ನು ಕರೆದುಕೊಂಡು ನೀನೇ ತಾ. ಆವತ್ತಿನ ರೊಟ್ಟಿ ನೀನು ಕತ್ತರಿಸು. ದಪ್ಪಗೆ.